ಅಡ್ಡಗೆರೆ ಇಲ್ಲದ ಎ

1999, 2000ದ ಸುಮಾರಿಗೆ ಸಿಲಿಕಾನ್ ವ್ಯಾಲಿಯ ಯಾವ ಆಫೀಸಿಗೆ ಹೋದರೂ ಜೇಬಿನಲ್ಲಿ ಪಾಮ್ ಎಂಬ ಅಂಗೈ ಕಂಪ್ಯೂಟರ್ ಇಟ್ಟುಕೊಂಡವರು ಯಾರು ಎಂದು ಕೇಳಬೇಕಾಗಿರಲಿಲ್ಲ. ಬಿಳಿ ಬೋರ್ಡಿನ ಮುಂದೆ ಮಾರ್ಕರ್ ಹಿಡಿದು ನಿಂತಾಗಲೇ ಗೊತ್ತಾಗುತ್ತಿತ್ತು. ಅವರು ಬರೆಯುವ ಎ ಅಕ್ಷರಕ್ಕೆ ನಡುವಿನ ಅಡ್ಡಗೆರೆ ಇರುತ್ತಿರಲಿಲ್ಲ. ಎಫ್‌ಗೆ ಒಂದು ಗೆರೆ ಕಡಿಮೆ. ಟಿ ಎಂದರೆ ಎಡದಿಂದ ಬಲಕ್ಕೆ ಎಳೆದು ಅಲ್ಲಿಂದಲೇ ಕೆಳಕ್ಕೆ ಇಳಿಸಿಬಿಟ್ಟರೆ ಆಯಿತು. ಬೇರೆಯವರಿಗೆ ಅದು ಕೆಟ್ಟ ಕೈಬರಹ, ನಮಗೆ ನೆಂಟಸ್ತಿಕೆಯ ಗುರುತು. ಮೀಟಿಂಗ್ ಮುಗಿದ ಮೇಲೆ ಹತ್ತಿರ ಹೋಗಿ "ಯಾವ ಮಾಡೆಲ್ಲು?" ಅಂದರೆ ಸಾಕು, ಅರ್ಧ ಗಂಟೆಯ ಮಾತಿಗೆ ದಾರಿಯಾಗುತ್ತಿತ್ತು.

ಸನಿವೇಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ಮೂವರು ಇದ್ದೆವು. ನಾನು ಮೈಸೂರಿನವನು, ಒಬ್ಬ ಉಡುಪಿ ಕಡೆಯವನು, ಇನ್ನೊಬ್ಬ ಹಾಸನದವನು. ವೈ2ಕೆ ಅನ್ನುವ ಹೆಸರಿನಲ್ಲಿ ಕರ್ನಾಟಕದಿಂದ ಹೊರಟುಬಂದ ದೊಡ್ಡ ದಂಡಿನಲ್ಲಿ ನಾವೂ ಸೇರಿದ್ದೆವು. ಮೊದಲು ಪಾಮ್ III ತಂದವನು ಉಡುಪಿಯವನು. ಎರಡು ಮೆಗಾಬೈಟ್ ನೆನಪು, 160ಕ್ಕೆ 160 ಚುಕ್ಕಿಗಳ ಕಪ್ಪು-ಬೂದು ತೆರೆ, ಎರಡು ಸಣ್ಣ ಸೆಲ್. ಬಣ್ಣ ಇಲ್ಲ, ಫೋನ್ ಇಲ್ಲ, ಇಂಟರ್ನೆಟ್ಟೂ ಇಲ್ಲ. ಹಾಸನದವನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ದುಡ್ಡು ಕೊಟ್ಟು ಸ್ಲೇಟು ತಂದೆಯಲ್ಲೋ!" ಅಂದ. ಒಂದು ತಿಂಗಳೊಳಗೆ ಅವನ ಜೇಬಿನಲ್ಲೂ ಒಂದಿತ್ತು, ನನ್ನ ಜೇಬಿನಲ್ಲೂ.

ಅದರ ಮರ್ಮವೆಲ್ಲ ತೆರೆಯ ಕೆಳಗಿನ ಪುಟ್ಟ ಚೌಕದಲ್ಲಿತ್ತು. ಎಡಗಡೆ ಅಕ್ಷರಗಳಿಗೆ ಜಾಗ, ಬಲಗಡೆ ಅಂಕಿಗಳಿಗೆ. ಅಲ್ಲಿ ಕಡ್ಡಿಯಿಂದ ಬರೆಯುವ ಲಿಪಿಗೆ ಗ್ರಾಫಿಟಿ ಎಂದು ಹೆಸರು. ಹೆಚ್ಚುಕಡಿಮೆ ಪ್ರತಿ ಅಕ್ಷರವನ್ನೂ ಕಡ್ಡಿ ಎತ್ತದೆ ಒಂದೇ ಎಳೆತದಲ್ಲಿ ಬರೆಯಬೇಕು. ಕಡ್ಡಿ ಮೇಲೆದ್ದಿತೆಂದರೆ ಅಕ್ಷರ ಮುಗಿಯಿತೆಂದು ಯಂತ್ರ ತಿಳಿಯುತ್ತಿತ್ತು. ಒಂದು ಅಕ್ಷರ ಎಲ್ಲಿ ನಿಂತಿತು, ಮುಂದಿನದು ಎಲ್ಲಿ ಶುರುವಾಯಿತು ಎಂಬ ಗೋಜಲೇ ಇಲ್ಲ. ಹಾಗಾಗಿ ಸಾಲಾಗಿ ಬರೆಯುವ ಅಗತ್ಯವೂ ಇಲ್ಲ, ಒಂದೇ ಜಾಗದಲ್ಲಿ ಅಕ್ಷರದ ಮೇಲೆ ಅಕ್ಷರ ಬರೆಯುತ್ತ ಹೋದರೆ ಮೇಲೆ ತೆರೆಯಲ್ಲಿ ಪದಗಳು ಸಾಲುಗಟ್ಟುತ್ತಿದ್ದವು. ಎಡದಿಂದ ಬಲಕ್ಕೆ ಒಂದು ಗೆರೆ ಎಳೆದರೆ ಜಾಗ ಬಿಟ್ಟ ಹಾಗೆ, ಬಲದಿಂದ ಎಡಕ್ಕೆ ಎಳೆದರೆ ಅಳಿಸಿದ ಹಾಗೆ. ಕೆಳಗಿಂದ ಮೇಲಕ್ಕೆ ಗೀರಿದರೆ ಮುಂದಿನದು ದೊಡ್ಡಕ್ಷರ. 16 ಮೆಗಾಹರ್ಟ್ಸ್ ಪ್ರೊಸೆಸರಿನ ಆ ಬಡಪಾಯಿ ಯಂತ್ರ ಒಂದು ಕ್ಷಣವೂ ತಡವರಿಸದೆ ಇದನ್ನೆಲ್ಲ ಮಾಡುತ್ತಿತ್ತು. ಕಲಿಯುವವರಿಗೆಂದು ಜಿರಾಫ್ ಅಂತ ಒಂದು ಆಟವನ್ನೂ ಕೊಟ್ಟಿದ್ದರು. ಮೇಲಿನಿಂದ ಅಕ್ಷರಗಳು ಉದುರುತ್ತವೆ, ನೆಲ ಮುಟ್ಟುವ ಮೊದಲು ಅವನ್ನು ಬರೆಯಬೇಕು. ಊಟವಾದ ಮೇಲೆ ನಮ್ಮ ಮೂವರಲ್ಲಿ ಅದರದ್ದೇ ಪಂದ್ಯ. ಪಾತ್ರೆ ತೊಳೆಯುವವರು ಯಾರು ಎಂಬುದು ಎಷ್ಟೋ ರಾತ್ರಿ ಹಾಗೆಯೇ ತೀರ್ಮಾನವಾಗುತ್ತಿತ್ತು.

ಇದರ ಹಿಂದಿನ ತಲೆ ಜೆಫ್ ಹಾಕಿನ್ಸ್ ಅವರದು. ಪಾಮ್ ಕಂಪನಿ ಕಟ್ಟುವುದಕ್ಕೆ ಮೊದಲೇ ಅವರು ಗ್ರಿಡ್‌ಪ್ಯಾಡ್ ಎಂಬ ಕಡ್ಡಿ ಕಂಪ್ಯೂಟರ್ ರೂಪಿಸಿದ್ದರು. ಯಂತ್ರ ಎಷ್ಟು ದೊಡ್ಡದಿರಬೇಕು ಎಂದು ತಿಳಿಯಲು ಮರದ ತುಂಡೊಂದನ್ನು ಕೆತ್ತಿ ಅಂಗಿ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಯಾರಾದರೂ "ಮುಂದಿನ ವಾರ ಸಿಗೋಣವೇ?" ಎಂದರೆ ಆ ತುಂಡನ್ನು ಹೊರತೆಗೆದು ಕಡ್ಡಿಯಿಂದ ಬರೆಯುವಂತೆ ನಟಿಸುತ್ತಿದ್ದರಂತೆ. ಈ ಕಥೆ ನಮ್ಮ ಮನೆಯಲ್ಲಿ ಭಾರೀ ಜನಪ್ರಿಯ. ನಾವು ಬರೆದದ್ದನ್ನು ಯಂತ್ರ ತಪ್ಪಾಗಿ ಓದಿದಾಗಲೆಲ್ಲ ಉಡುಪಿಯವನು, "ನಿನ್ನದು ಮರದ್ದಾ ಮಾರಾಯಾ?" ಎಂದು ಕೇಳುತ್ತಿದ್ದ.

ಪಾಮ್‌ಗಿಂತ ಮೊದಲು, 1993ರಲ್ಲಿ, ಆಪಲ್ ಕಂಪನಿಯ ನ್ಯೂಟನ್ ಬಂದಿತ್ತು. ಅದರದು ದೊಡ್ಡ ಆಸೆ. ನೀವು ಹೇಗೆ ಬೇಕಾದರೂ ಕೂಡಿಸಿ ಬರೆಯಿರಿ, ನಾನು ಓದುತ್ತೇನೆ ಎಂದಿತು. ರಷ್ಯನ್ನರ ಪ್ಯಾರಾಗ್ರಾಫ್ ಎಂಬ ಕಂಪನಿಯ ಓದುವ ತಂತ್ರ ಅದರೊಳಗಿತ್ತು. ಪದವನ್ನು ನಿಘಂಟಿನೊಡನೆ ತಾಳೆ ಹಾಕಿ ಊಹಿಸುತ್ತಿದ್ದ ಅದು ತಪ್ಪಿದಾಗ ಅಕ್ಷರವಲ್ಲ, ಇಡೀ ಪದವೇ ಬೇರೆಯಾಗುತ್ತಿತ್ತು. ಅದನ್ನು ಹಿಡಿದು ಡೂನ್ಸ್‌ಬರಿ ವ್ಯಂಗ್ಯಚಿತ್ರ ಸರಣಿ ಅಮೆರಿಕವನ್ನೆಲ್ಲ ನಗಿಸಿತು, ದಿ ಸಿಂಪ್ಸನ್ಸ್ ಕಾರ್ಟೂನೂ ಬಿಡಲಿಲ್ಲ. ನಂತರದ ನ್ಯೂಟನ್‌ಗಳು ಬಿಡಿ ಅಕ್ಷರಗಳನ್ನು ಎಷ್ಟೋ ಚೆನ್ನಾಗಿ ಓದುತ್ತಿದ್ದವು, ಆದರೆ ಒಮ್ಮೆ ಅಂಟಿದ ನಗೆಪಾಟಲು ಹೋಗಲಿಲ್ಲ. 1998ರಲ್ಲಿ ಸ್ಟೀವ್ ಜಾಬ್ಸ್ ಅದನ್ನು ನಿಲ್ಲಿಸಿದರು.

ಹಾಕಿನ್ಸ್ ನ್ಯೂಟನ್ನಿನ ಆ ಆಸೆಯನ್ನೇ ತಿರುವಿಹಾಕಿದ್ದರು. ಯಂತ್ರ ಮನುಷ್ಯನ ಕೈಬರಹ ಕಲಿಯುವುದು ಬೇಡ, ಮನುಷ್ಯನೇ ಸ್ವಲ್ಪ ಬಗ್ಗಲಿ ಎಂದರು. ಇದು ದುರಹಂಕಾರ ಎಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಗ್ರಾಫಿಟಿಯ ನಿಯಮಗಳು ಬಯಲಲ್ಲಿದ್ದವು, ಜೊತೆಗೆ ಕೊಟ್ಟ ಒಂದು ಸಣ್ಣ ಸ್ಟಿಕ್ಕರಿನಲ್ಲಿ ಹಿಡಿಯುತ್ತಿದ್ದವು. ಅಕ್ಷರ ತಪ್ಪಾದರೆ ಯಾಕೆ ತಪ್ಪಾಯಿತು ಎಂದು ಬರೆದವನಿಗೇ ಗೊತ್ತಾಗುತ್ತಿತ್ತು, ಮುಂದಿನ ಸಲ ಕೈ ತಾನೇ ತಿದ್ದಿಕೊಳ್ಳುತ್ತಿತ್ತು. ಎದುರಿಗಿರುವ ಯಂತ್ರ ಏನು ಊಹಿಸುತ್ತದೋ ಎಂಬ ಅಂಜಿಕೆ ಇರಲಿಲ್ಲ. ಈಗಿನ ಫೋನುಗಳು ನಾನು ಬರೆದ ಪದವನ್ನು ನನ್ನ ಅಪ್ಪಣೆ ಇಲ್ಲದೆ ಬದಲಿಸುವಾಗ ಆ ನಿಯತ್ತು ನೆನಪಾಗುತ್ತದೆ.

ಕನ್ನಡದ ಪಾಡು? ಪಾಮ್‌ಗೆ ಕನ್ನಡ ಅಂತ ಒಂದು ಲಿಪಿ ಇದೆ ಎಂಬುದೇ ಗೊತ್ತಿರಲಿಲ್ಲ. ಹಾಗೆಂದು ನಾವು ಇಂಗ್ಲಿಷಿನಲ್ಲೇ ನೆನಪಿಟ್ಟುಕೊಳ್ಳಲಾದೀತೇ? ಸಾಮಾನಿನ ಪಟ್ಟಿಯಲ್ಲಿ ಹಾಲು, ಮೊಸರು, ಉದ್ದಿನಬೇಳೆ, ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಊರಿಗೆ ಫೋನ್ ಮಾಡಿದಾಗ ಅಮ್ಮ ಹೇಳಿದ ಸಾರಿನ ಪುಡಿಯ ಅಳತೆಯೂ ಹಾಗೆಯೇ ಮೆಮೊ ಪ್ಯಾಡಿಗೆ ಹೋಗುತ್ತಿತ್ತು. ಆಗ ಶೇಷಾದ್ರಿ ವಾಸು ಅವರ 'ಬರಹ' ಹೊಸತು, 1998ರಲ್ಲಿ ಬಂದದ್ದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಅದು ಕನ್ನಡ ಲಿಪಿಗೆ ತಿರುಗಿಸಿ ಕೊಡುತ್ತಿತ್ತು. ಇವೆರಡನ್ನೂ ಜೋಡಿಸುವ ಉಪಾಯ ನಮ್ಮಲ್ಲಿ ಮೊದಲು ಹೊಳೆದದ್ದು ಹಾಸನದವನಿಗೆ. ಕನ್ನಡ ಕೂಟದ ನಾಟಕಕ್ಕೆ ಅವನು ಸಂಭಾಷಣೆ ಬರೆಯಬೇಕಾಗಿತ್ತು. ಬೆಳಗ್ಗೆ ಕ್ಯಾಲ್‌ಟ್ರೇನಿನಲ್ಲಿ ಕೂತು ಗ್ರಾಫಿಟಿಯಲ್ಲಿ ಬರೆಯುವುದು, ರಾತ್ರಿ ಮನೆಯಲ್ಲಿ ಕ್ರೇಡಲ್ಲಿಗೆ ಸಿಕ್ಕಿಸಿ ಗುಂಡಿ ಒತ್ತಿ ಹಾಟ್‌ಸಿಂಕ್ ಮಾಡುವುದು, ಕಂಪ್ಯೂಟರಿಗೆ ಬಂದ ಮೆಮೊವನ್ನು ಬರಹಕ್ಕೆ ಅಂಟಿಸುವುದು. ರೈಲಿನಲ್ಲಿ ಗೀಚಿದ್ದು ಮುದ್ದಾದ ಕನ್ನಡವಾಗಿ ಎದುರು ನಿಂತಾಗ ಮೂವರೂ ಕುರ್ಚಿಯಿಂದ ಎದ್ದೇಬಿಟ್ಟಿದ್ದೆವು.

ತೊಡಕಿಲ್ಲದೆ ಏನಿಲ್ಲ. ಬರಹದಲ್ಲಿ ಣ, ಳ, ಟ, ಡಗಳಿಗೆ ದೊಡ್ಡಕ್ಷರ ಬೇಕು. 'ಹಳ್ಳಿ' ಬರೆಯಬೇಕಾದರೆ ಎರಡೂ ಎಲ್‌ಗಳ ಮುಂದೆ ಮೇಲ್ಮುಖವಾಗಿ ಗೀರಬೇಕು, 'ಕಣ್ಣು' ಎಂದರೂ ಅದೇ ಕಸರತ್ತು. ಇದು ಸಾಲದು ಎಂಬಂತೆ ವಾಕ್ಯದ ಮೊದಲ ಅಕ್ಷರವನ್ನು ಪಾಮ್ ತಾನಾಗಿಯೇ ದೊಡ್ಡದು ಮಾಡುತ್ತಿತ್ತು. ಇಂಗ್ಲಿಷಿಗೆ ಉಪಕಾರ, ನಮಗೆ ಉಪಟಳ. ನಾಟಕದ ದೊಡ್ಡಮ್ಮ ಡೊಡ್ಡಮ್ಮ ಆದಳು, ತಮ್ಮ ಟಮ್ಮನಾದ, 'ನಾನು' ಎಂದು ಶುರುವಾಗುವ ಮಾತೆಲ್ಲ 'ಣಾನು' ಆಯಿತು. ರಿಹರ್ಸಲ್‌ನಲ್ಲಿ ತಿದ್ದದ ಪ್ರತಿ ಕೈಗೆ ಸಿಕ್ಕವರು ಅದನ್ನು ಹಾಗೆಯೇ ಓದಿ, ಆ ಪಾತ್ರಕ್ಕೆ ಕೊನೆಯವರೆಗೂ ಡೊಡ್ಡಮ್ಮ ಎಂಬ ಹೆಸರೇ ನಿಂತಿತು.

ನೇರ ಕನ್ನಡದಲ್ಲೇ ಬರೆಯಬಾರದೇಕೆ ಎಂದು ಉಡುಪಿಯವನು ಹಟ ಹಿಡಿದ. ನಮ್ಮ ಅಕ್ಷರಗಳು ಹೇಗೂ ದುಂಡು, ಬಹಳಷ್ಟನ್ನು ಕೈ ಎತ್ತದೆ ಬರೆಯಬಹುದು, ಗ್ರಾಫಿಟಿಗೆ ಹೇಳಿ ಮಾಡಿಸಿದ ಲಿಪಿ ಎಂಬುದು ಅವನ ವಾದ. ಹಳೆಯ ಪ್ರಿಂಟ್‌ಔಟ್‌ಗಳ ಹಿಂಬದಿಯಲ್ಲಿ ಅಕ್ಷರಮಾಲೆ ಪೂರ್ತಿ ಬರೆದು ತಲೆಕಟ್ಟು ಕತ್ತರಿಸಿದ, ಸುಳಿ ಉಳಿಸಿದ. ವ್ಯಂಜನಗಳವರೆಗೆ ಚೆನ್ನಾಗಿಯೇ ಹೋಯಿತು. ಕಾಗುಣಿತ ಬಂದಾಗ ಬೆವರಿಳಿಯಿತು. ಒತ್ತಕ್ಷರ ಬಂದಾಗ "ರಾಷ್ಟ್ರ ಬರಿ ನೋಡೋಣ ಗುರೂ" ಎಂದು ಹಾಸನದವನು ಸವಾಲು ಹಾಕಿದ. ಅಲ್ಲಿಗೆ ಆ ಸಂಶೋಧನೆ ನಿಂತಿತು.

ಅಕ್ಷರ ಗುರುತಿಸುವ ಉಸಾಬರಿಯೇ ಬೇಡ, ಗೀಚಿದ್ದನ್ನು ಗೀಚಿದ ಹಾಗೆ ಇಟ್ಟುಕೊಳ್ಳೋಣ ಎನ್ನುವವರಿಗೆ ಡಿಡಲ್‌ಬಗ್ ಎಂಬ ಪುಕ್ಕಟೆ ಪ್ರೋಗ್ರಾಮು ಇತ್ತು. ತೆರೆಯ ಮೇಲೆ ಏನು ಬೇಕಾದರೂ ಬರೆದು ಅದಕ್ಕೊಂದು ಅಲಾರಂ ಕಟ್ಟಬಹುದು. ಅದರಲ್ಲಿ ನಾನು ಕನ್ನಡದಲ್ಲೇ ಬರೆಯುತ್ತಿದ್ದೆ. ಒಂದು ತೆರೆಗೆ ನಾಲ್ಕು ಪದ, ಚುಕ್ಕಿಗಳು ದಪ್ಪ, ಒತ್ತುಗಳೆಲ್ಲ ಶಾಯಿ ಚೆಲ್ಲಿದಂತೆ ಕಲಸಿಹೋಗುತ್ತಿದ್ದವು. ಆದರೂ ಸಂಜೆ ನಾಲ್ಕಕ್ಕೆ ಯಂತ್ರ ಕಿರುಗುಟ್ಟಿ, ತೆರೆ ತುಂಬ ನನ್ನದೇ ವಕ್ರ ಅಕ್ಷರದಲ್ಲಿ 'ಅಣ್ಣನಿಗೆ ಫೋನ್' ಎಂದು ಕಂಡಾಗ ಯಾರೋ ಮನೆಯವರು ಜ್ಞಾಪಿಸಿದ ಹಾಗಿರುತ್ತಿತ್ತು.

ಆ ಯಂತ್ರದ ಉಪಚಾರಗಳೂ ಕಡಿಮೆಯಲ್ಲ. ಸೆಲ್ ಪೂರ್ತಿ ಇಳಿದರೆ ನೆನಪೆಲ್ಲ ಮಾಯ. ಬದಲಿಸುವಾಗ ಒಂದು ನಿಮಿಷದೊಳಗೆ ಕೆಲಸ ಮುಗಿಸಬೇಕು, ಹೊಸ ಸೆಲ್‌ಗಳನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡು ಉಸಿರು ಬಿಗಿಹಿಡಿದು ಹಳೆಯದನ್ನು ಕೀಳುತ್ತಿದ್ದೆವು. ಅಡ್ರೆಸ್ ಗುಂಡಿಯನ್ನು ಒತ್ತಿ ಹಿಡಿದರೆ ನಮ್ಮ ವಿಸಿಟಿಂಗ್ ಕಾರ್ಡು ಅವಗೆಂಪು ಕಿರಣದ ಮೂಲಕ ಎದುರಿನವರ ಪಾಮ್‌ಗೆ ಹೋಗುತ್ತಿತ್ತು. ಇಬ್ಬರು ದೊಡ್ಡವರು ಗಂಭೀರವಾಗಿ ಯಂತ್ರದ ಮೂತಿಗೆ ಮೂತಿ ಹಿಡಿದು ನಿಲ್ಲುವ ಆ ದೃಶ್ಯ ಈಗ ನೆನೆಸಿದರೂ ನಗು ಬರುತ್ತದೆ.

ಗ್ರಾಫಿಟಿಗೆ ಕುತ್ತು ಬಂದದ್ದು ಕೋರ್ಟಿನಿಂದ. ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ಡೇವಿಡ್ ಗೋಲ್ಡ್‌ಬರ್ಗ್ ಅವರು ಯುನಿಸ್ಟ್ರೋಕ್ಸ್ ಎಂಬ ಒಂದೆಳೆತದ ಲಿಪಿಯನ್ನು ಮೊದಲೇ ರೂಪಿಸಿದ್ದರು. ಅದರ ಪೇಟೆಂಟ್ ಹಿಡಿದು ಜೆರಾಕ್ಸ್ 1997ರಲ್ಲೇ ದಾವೆ ಹೂಡಿತ್ತು. ಯುನಿಸ್ಟ್ರೋಕ್ಸ್ ವೇಗಕ್ಕಾಗಿ ಅಕ್ಷರದ ಹೋಲಿಕೆಯನ್ನೇ ಬಿಟ್ಟುಕೊಟ್ಟಿತ್ತು, ಗ್ರಾಫಿಟಿ ಹೋಲಿಕೆ ಉಳಿಸಿಕೊಂಡಿತ್ತು. ನನ್ನ ಪ್ರಕಾರ ಗೆಲುವಿನ ಗುಟ್ಟೆಲ್ಲ ಅಲ್ಲೇ. ವರ್ಷಗಟ್ಟಲೆ ಕೇಸು ಎಳೆದಾಡಿ, 2003ರಲ್ಲಿ ಪಾಮ್ ಹಳೆಯದನ್ನು ಬಿಟ್ಟು ಜಾಟ್ ಎಂಬ ಬೇರೆ ಲಿಪಿಯ ಆಧಾರದ ಮೇಲೆ ಗ್ರಾಫಿಟಿ 2 ತಂದಿತು. ಐ, ಟಿ ಮೊದಲಾದ ಅಕ್ಷರಗಳಿಗೆ ಎರಡೆರಡು ಎಳೆತ! ಹೊಸಬರಿಗೆ ಸುಲಭವೇ, ಆದರೆ ಪಳಗಿದ ಕೈಗಳಿಗೆ ಅದು ಶಿಕ್ಷೆ. ಕೆಲವರು ಹಳೆಯ ಗ್ರಾಫಿಟಿ ಫೈಲುಗಳನ್ನು ಹೊಸ ಯಂತ್ರಕ್ಕೆ ತುಂಬಿಕೊಂಡು ಕಾಲ ತಳ್ಳಿದರು. ಆ ಪೇಟೆಂಟ್ ಊರ್ಜಿತವಲ್ಲ ಎಂದು ಮರುವರ್ಷವೇ ಕೋರ್ಟು ಹೇಳಿತು. ಅಷ್ಟರಲ್ಲಿ ಟ್ರಿಯೊ ಫೋನುಗಳಿಗೆ ಪುಟಾಣಿ ಕೀಲಿಗಳು ಬಂದಿದ್ದವು, ಕಡ್ಡಿಯ ಕಾಲ ಮುಗಿಯುತ್ತ ಬಂದಿತ್ತು.

2004ರಲ್ಲಿ ನಾನು ಬೆಂಗಳೂರಿಗೆ ಮರಳಿದಾಗ ಇಲ್ಲಿ ಬೇರೆಯದೇ ಸಂಭ್ರಮ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಕನಸಿದ್ದ ಸಿಂಪ್ಯೂಟರ್, ಅಮಿಡಾ ಎಂಬ ಹೆಸರಿನಲ್ಲಿ ಅದೇ ವರ್ಷ ಮಾರುಕಟ್ಟೆಗೆ ಬಂತು. ತಯಾರಿಸಿದ್ದು ನಮ್ಮ ಬಿಇಎಲ್. ಒಳಗೆ ಲಿನಕ್ಸ್, ಕೈಯಲ್ಲಿ ಕಡ್ಡಿ, ಗೀಚಿದ್ದನ್ನು ಹಾಗೆಯೇ ಈಮೇಲ್ ಮಾಡುವ ಸೌಕರ್ಯ. ಸಿಂಪ್ಯೂಟರಿಗೆಂದೇ ಹುಟ್ಟಿದ 'ಧ್ವನಿ' ತಂತ್ರಾಂಶ ಕನ್ನಡವನ್ನು ಓದಿ ಹೇಳುತ್ತಿತ್ತು. ಪಾಮ್‌ಗೆ ತಿಳಿಯದ ಭಾಷೆಯನ್ನು ಬೆಂಗಳೂರಿನ ಯಂತ್ರ ಮಾತನಾಡುತ್ತಿದೆ ಎಂದು ಹೆಮ್ಮೆಯಿಂದ ಹಾಸನದವನಿಗೆ ಬರೆದೆ. ಅದು ಜನರ ಕೈಗೆ ಹೆಚ್ಚು ತಲುಪಲಿಲ್ಲ ಎಂಬುದು ಬೇರೆ ಮಾತು. ಕೆಲವು ವರ್ಷಗಳಲ್ಲಿ ಎಚ್‌ಪಿ ಕಂಪನಿಯ ಬೆಂಗಳೂರಿನ ಪ್ರಯೋಗಾಲಯ ಭಾರತೀಯ ಲಿಪಿಗಳಿಗೆಂದು ಜೆಸ್ಚರ್ ಕೀಬೋರ್ಡ್ ಮಾಡಿತು. ವ್ಯಂಜನದ ಮನೆಯ ಮೇಲೆ ಕಡ್ಡಿಯಿಂದ ಸ್ವರಚಿಹ್ನೆ ಬರೆದರೆ ಕಾಗುಣಿತ ಸಿದ್ಧ. ಸುದ್ದಿ ಓದಿದ ಉಡುಪಿಯವನು ಫೋನ್ ಮಾಡಿ, "ನಾನು ಹೇಳಿರ್ಲಿಲ್ವಾ?" ಎಂದ. ಅವನು ಹೇಳಿದ್ದು ಅದಲ್ಲ. ಆದರೂ ಹೌದು ಎಂದೆ.

ಈಗ ಫೋನಿನ ತೆರೆಯ ಮೇಲೆ ಬೆರಳಲ್ಲಿ ಕನ್ನಡ ಬರೆದರೆ, ಒತ್ತಕ್ಷರ ಸಮೇತ, ಯಂತ್ರ ಓದುತ್ತದೆ. ಮೊನ್ನೆ 'ರಾಷ್ಟ್ರ' ಬರೆದು ನೋಡಿದೆ, ತಪ್ಪಿಲ್ಲದೆ ಬಂತು. ನಿಸ್ಸಂದೇಹವಾಗಿ ಇದೇ ಮೇಲು. ಆದರೆ ಇದನ್ನು ಹಿಡಿದು ಮೂವರು ಕೂತು ಪಂದ್ಯ ಕಟ್ಟಲು ಏನೂ ಉಳಿದಿಲ್ಲ.

ಗ್ರಾಫಿಟಿ ಕಲಿತಿದ್ದ ಓದುಗರು ನಿಮ್ಮಲ್ಲಿದ್ದರೆ ಎರಡು ಮಾತು. ಇಂಟರ್ನೆಟ್ ಆರ್ಕೈವ್ 2022ರಿಂದ ಪಾಮ್‌ನ ಹಳೆಯ ಪ್ರೋಗ್ರಾಮುಗಳನ್ನು ಬ್ರೌಸರಿನಲ್ಲೇ ಓಡಿಸಲು ಇಟ್ಟಿದೆ, ಕೈ ಮರೆತಿದೆಯೋ ಇಲ್ಲವೋ ಅಲ್ಲಿ ನೋಡಿಕೊಳ್ಳಿ. ಇನ್ನು, ಬೀರುವಿನಲ್ಲಿ ಬಿದ್ದಿರುವ ಪಾಮ್‌ನಿಂದ ಸೆಲ್‌ಗಳನ್ನು ಇವತ್ತೇ ತೆಗೆದುಬಿಡಿ, ಸೋರಿದರೆ ಯಂತ್ರ ಕೆಡುತ್ತದೆ. ಅದರೊಳಗಿನ ಬರಹ ಎಂದೋ ಅಳಿಸಿಹೋಗಿರುತ್ತದೆ, ಆದರೆ ನೀವು ಹಾಟ್‌ಸಿಂಕ್ ಮಾಡುತ್ತಿದ್ದ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಅದರ ನಕಲು ಇನ್ನೂ ಇರಬಹುದು. ಗುಜರಿಗೆ ಹಾಕುವ ಮೊದಲು ಒಮ್ಮೆ ಹುಡುಕಿ.