ಗಡಿಗೆಯೊಳಗೆ ಅವ್ವನ ಔಷಧ

ಹಗರಿಬೊಮ್ಮನಹಳ್ಳಿಯಲ್ಲಿ ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದರೆ ಜನ ಫ್ಯಾನು ನಿಂತಿತೆಂದು ಗೊಣಗುತ್ತಾರೆ. ಶುಗರ್ ಹೊಕ್ಕ ಮನೆಯಲ್ಲಿ ಕಣ್ಣು ಹೋಗುವುದು ಫ್ರಿಜ್ಜಿನ ಕಡೆಗೆ. ತೆರೆಯದ ಇನ್ಸುಲಿನ್ ಸೀಸೆಗೆ 2ರಿಂದ 8 ಡಿಗ್ರಿ ತಂಪು ಬೇಕು. ಹೊರಗೆ ಪಾದರಸ 40ರ ಆಸುಪಾಸು.

ಈ ಬರಹಗಾರನ ಅವ್ವ ಇದಕ್ಕೆಲ್ಲ ತಲೆ ಕೆಡಿಸಿಕೊಂಡವಳಲ್ಲ. ಫ್ರಿಜ್ಜು ಬರುವ ಮುಂಚಿನಿಂದಲೂ ಅವಳದೊಂದು ಏರ್ಪಾಡಿದೆ. ಅಗಲ ಬಾಯಿಯ ಗಡಿಗೆ, ಅದರ ತುಂಬ ಹಸಿ ಮರಳು, ಮರಳಲ್ಲಿ ಹೂತ ಕುಡಿಕೆ, ಕುಡಿಕೆಯೊಳಗೆ ಮುಚ್ಚಳ ಬಿಗಿದ ಡಬ್ಬಿ, ಡಬ್ಬಿಯಲ್ಲಿ ಬಳಕೆಯ ಸೀಸೆ. ಬೆಳಿಗ್ಗೆ, ಸಂಜೆ ಮರಳಿಗೆ ನೀರು. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆರುವಾಗ ಒಳಗಿನ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಗಾಳಿ ಒಣಗಿದಷ್ಟೂ ತಂಪು ಹೆಚ್ಚು. ಹಾಗಾಗಿ ಕೂಡ್ಲಿಗಿ, ಕೊಟ್ಟೂರಿನ ಒಣ ಬಿಸಿಲೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಂಗಳೂರಿನ ಸೆಕೆಯಲ್ಲಿ ಇದೇ ಗಡಿಗೆ ಅಷ್ಟು ನಡೆಯದು.

ಮಗನಿಗೆ ನಂಬಿಕೆ ಬರಲು ದೂರದ ಸುದ್ದಿಯೇ ಬೇಕಾಯಿತು. ಕೀನ್ಯಾದ ದಗಹಲೆ ನಿರಾಶ್ರಿತರ ಶಿಬಿರದ ಮನೆಗಳೊಳಗಿನ ಬಿಸಿಯನ್ನು ಅಳೆದು, 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ಶಾಖದಲ್ಲಿ ಇನ್ಸುಲಿನ್ ನಾಲ್ಕು ವಾರ ಕೆಡದೆ ಉಳಿಯುತ್ತದೆಂದು ಗಡಿಗಳಿಲ್ಲದ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದರು. ಅವ್ವನಿಗೆ ಓದಿ ಹೇಳಿದರೆ, "ಅಷ್ಟು ದೂರ ಯಾಕ್ ಹೋಗ್ಬೇಕಿತ್ತಪ್ಪಾ, ನನ್ನ ಕೇಳಿದ್ರ ಹೇಳ್ತಿದ್ದೆ" ಎಂದಳು.

ಸಕ್ಕರೆ ಕಾಯಿಲೆ ಈ ಮನೆಗೆ ಹೊಸದಲ್ಲ. ಕೊಟ್ಟೂರಿನ ಅಜ್ಜ ಗಾಜಿನ ಸಿರಿಂಜನ್ನು ಒಲೆಯ ಮೇಲೆ ಕುದಿಸಿ ತೊಡೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14ರ ಹುಡುಗನಿಗೆ ಮೊದಲು ಕೊಟ್ಟ ಆ ಮದ್ದು ದನದ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು. ಮುಂದೆ ದಶಕಗಳ ಕಾಲ ದನ, ಹಂದಿಗಳೇ ಅದರ ಮೂಲ. ಲಿಂಗ ಕಟ್ಟಿಕೊಂಡ ಅಜ್ಜನಿಗೆ ಇದನ್ನು ಯಾವ ಕಾಂಪೌಂಡರೂ ಹೇಳಲಿಲ್ಲ. ಪುಣ್ಯಾತ್ಮರು! 1982ರಲ್ಲಿ ಬ್ಯಾಕ್ಟೀರಿಯಾದಿಂದ ಮಾಡಿದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟ್‌ನಿಂದ ತಯಾರಿಸಿದ್ದನ್ನು ಹೊರತಂದಿತು. ಅಜ್ಜ ಅಷ್ಟು ದಿನ ಇರಲಿಲ್ಲ.

ಈಗಿನ ತಾಪತ್ರಯವೇ ಬೇರೆ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ಟಿನದೂ ಉಂಟು, 100ರದೂ ಉಂಟು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ. 100ರ ಸೀಸೆಗೆ ಕೆಂಪಿನದನ್ನು ಹಾಕಿದರೆ ಎರಡೂವರೆ ಪಟ್ಟು ಮದ್ದು ಮೈಗೆ ಹೋಗುತ್ತದೆ. ಅಕ್ಷರ ಬಾರದ ಅವ್ವ ಬಣ್ಣ ಓದುತ್ತಾಳೆ. ಅಂಗಡಿಯವ ಬೇರೆ ಬಣ್ಣದ್ದು ಕೊಟ್ಟರೆ ಅಲ್ಲಿಯೇ ವಾಪಸ್.

ಊಟದ ವಿಷಯದಲ್ಲಿ ಮಾತ್ರ ಅವಳ ಲೆಕ್ಕ ತಪ್ಪುತ್ತದೆ. ನವಣೆ ಅನ್ನ, ಸಜ್ಜೆ ರೊಟ್ಟಿಗೆ ಶುಗರ್ ಏರುವುದಿಲ್ಲವೆಂದು ಓಣಿಯವರೆಲ್ಲ ಹೇಳಿಬಿಟ್ಟಿದ್ದಾರೆ. ಅವೂ ಪಿಷ್ಟವೇ, ನಾರು ಹೆಚ್ಚು, ನಿಜ, ಆದರೆ ನಾಲ್ಕು ರೊಟ್ಟಿ ನಾಲ್ಕೇ. ಸಿರಿಧಾನ್ಯವನ್ನು ಮದ್ದೆಂದು ಮಾರುವವರಿಗೆ ಇದನ್ನು ಹೇಳುವ ಧೈರ್ಯ ಯಾರಿಗೂ ಇದ್ದಂತಿಲ್ಲ.

ಫೆಬ್ರುವರಿ ಸುಮಾರಿಗೆ ಕೊಟ್ಟೂರಿನಲ್ಲಿ ಕೊಟ್ಟೂರಪ್ಪನ ತೇರು. ದಾವಣಗೆರೆ ಕಡೆಯಿಂದ ಜನ ನಡೆದೇ ಬರುತ್ತಾರೆ. ಬರಿಗಾಲಲ್ಲಿ ಬರುವವರೂ ಇದ್ದಾರೆ. ಹಳೆಯ ಶುಗರಿಗೆ ಅಂಗಾಲಿನ ನರ ಸತ್ತಿದ್ದರೆ ಕಾದ ಡಾಂಬರು ಸುಡುವುದೂ ಗೊತ್ತಾಗದು, ಬೊಬ್ಬೆ ಹುಣ್ಣಾಗುತ್ತದೆ. ಕಳೆದ ಸಲ ಶುಗರ್ ಇರುವ ಪಕ್ಕದ ಮನೆಯ ಹಿರಿಯರು ಹೊರಟಾಗ ಅವ್ವ ಅಡ್ಡ ನಿಂತಳು. "ಕೊಟ್ಟೂರಪ್ಪಗೆ ನಾ ಹೇಳ್ತೀನ್ರೀ, ನೀವು ಚಪ್ಪಲಿ ಮೆಟ್ಟ್ರಿ." ಅವರು ಬೂಟನ್ನೇ ಹಾಕಿಕೊಂಡರು. ಜೇಬಿಗೆ ಅವಳು ಸಕ್ಕರೆ ಪೊಟ್ಟಣ ತುರುಕಿದಳು: ದಾರಿಯಲ್ಲಿ ಶುಗರ್ ಇಳಿದು ಬೆವರಿ ಕೈ ನಡುಗಿದರೆ ಬಾಯಿಗೆ ಹಾಕಿಕೊಳ್ಳಲು. ಮಿರ್ಚಿ-ಮಂಡಕ್ಕಿ ಅಂಗಡಿಯ ಬಗ್ಗೆ ಮಾತ್ರ ಇಬ್ಬರೂ ಒಂದು ಮಾತೂ ಆಡಲಿಲ್ಲ.