ಆಂಕ್ಸುರ್: ಎರಡು ಹೆಸರಿನ ಊರು

ಇಟಲಿಯ ರೋಮ್ ನಗರದಿಂದ ಆಗ್ನೇಯಕ್ಕೆ ಸುಮಾರು 100 ಕಿ.ಮೀ. ಸಾಗಿದರೆ, ಬೆಟ್ಟವು ಸಮುದ್ರದ ಅಂಚಿಗೇ ಬಂದು ನಿಂತಿರುವ ಊರೊಂದು ಸಿಗುತ್ತದೆ. ಅದೇ ಟೆರಾಚಿನಾ. ವೋಲ್ಸ್ಕಿ ಎಂಬ ಪ್ರಾಚೀನ ಜನಾಂಗದವರು ತಮ್ಮ ಭಾಷೆಯಲ್ಲಿ ಇದನ್ನು ‘ಆಂಕ್ಸುರ್’ ಎಂದು ಕರೆಯುತ್ತಿದ್ದರೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಕ್ರಿ.ಪೂ. 329ರಲ್ಲಿ ರೋಮನ್ನರು ಇಲ್ಲಿ ತಮ್ಮ ವಸಾಹತು ಸ್ಥಾಪಿಸಿದರು. ಲ್ಯಾಟಿನ್‌ನಲ್ಲಿ ಊರಿನ ಹೆಸರು ‘ತರ್ರಾಕೀನಾ’. ಇಂದಿನ ಹೆಸರು ಅದರಿಂದಲೇ ಬಂದದ್ದು.

ರೋಮ್‌ನಿಂದ ದಕ್ಷಿಣಕ್ಕೆ ಹೋಗುವ ಪ್ರಸಿದ್ಧ ಆಪ್ಪಿಯನ್ ಹೆದ್ದಾರಿಯ ನಿರ್ಮಾಣ ಕ್ರಿ.ಪೂ. 312ರಲ್ಲಿ ಆರಂಭವಾಯಿತು. 2024ರಲ್ಲಿ ಅದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಟೆರಾಚಿನಾದಲ್ಲಿ ಮಾತ್ರ ಈ ದಾರಿ ಬೆಟ್ಟ ಹತ್ತಿ ಇಳಿಯಬೇಕಾಗಿತ್ತು. ಕ್ರಿ.ಶ. 98ರಿಂದ 117ರವರೆಗೆ ಆಳಿದ ಚಕ್ರವರ್ತಿ ಟ್ರಾಜನ್, ಸಮುದ್ರದ ಬದಿಯ ‘ಪಿಸ್ಕೋ ಮೊಂತಾನೊ’ ಎಂಬ ಸುಣ್ಣಕಲ್ಲಿನ ಬಂಡೆಯನ್ನು ನೆಟ್ಟಗೆ ಕಡಿಸಿ, ಅದರ ಬುಡದಲ್ಲಿ ಸಮತಟ್ಟಾದ ದಾರಿ ಮಾಡಿಸಿದ.

ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇರುವುದು ಇಲ್ಲೇ. ಎಷ್ಟು ಆಳ ಕಡಿದಿದ್ದೇವೆಂದು ತೋರಿಸಲು ಆ ಕೆಲಸಗಾರರು ಪ್ರತಿ 10 ಅಡಿಗೊಮ್ಮೆ ಬಂಡೆಯ ಮೇಲೆ ರೋಮನ್ ಅಂಕಿಗಳನ್ನು ಕೆತ್ತಿದ್ದಾರೆ. ಎಣಿಕೆ ಮೇಲಿನಿಂದ ಕೆಳಕ್ಕೆ. ದಾರಿಯ ಮಟ್ಟದಲ್ಲಿರುವ ಕೊನೆಯ ಗುರುತಿನಲ್ಲಿ ಒಂದು ‘ಸಿ’, ಎರಡು ‘ಎಕ್ಸ್’. ಅಂದರೆ 120. ರೋಮನ್ ಅಡಿಯ ಉದ್ದ ಸುಮಾರು 29.6 ಸೆಂ.ಮೀ. ಗುಣಿಸಿ ನೋಡಿ: 35 ಮೀಟರಿಗೂ ಹೆಚ್ಚು! ಸಿಡಿಮದ್ದಿಲ್ಲದ ಕಾಲದಲ್ಲಿ ಕೈಯಿಂದಲೇ ಕಡಿದ ಆಳವಿದು.

ಊರಿನ ಮೇಲೆ 227 ಮೀಟರ್ ಎತ್ತರದ ಬೆಟ್ಟದಲ್ಲಿ ಕ್ರಿ.ಪೂ. ಒಂದನೇ ಶತಮಾನದ ದೇಗುಲದ ಅವಶೇಷವಿದೆ. ಕಮಾನುಗಳ ಸಾಲಿನ ಮೇಲೆ ನಿಂತ ಅದರ ಜಗಲಿ ದೂರದಿಂದಲೇ ಕಾಣುತ್ತದೆ. ಅದನ್ನು ‘ಜ್ಯೂಪಿಟರ್ ಆಂಕ್ಸುರ್’ ದೇಗುಲವೆನ್ನುವುದು ವಾಡಿಕೆ. ಗೆದ್ದವರ ದೇವರಿಗೆ ಸೋತವರ ಊರಿನ ಹೆಸರು!

ಆ ಸೋತವರ ಭಾಷೆ ಏನಾಯಿತು? ತಲೆಮಾರುಗಳು ಕಳೆದಂತೆ ವೋಲ್ಸ್ಕಿ ಮಕ್ಕಳು ಲ್ಯಾಟಿನ್ ಕಲಿತರು, ಮನೆಮಾತು ಮರೆಯಾಯಿತು. 1784ರಲ್ಲಿ ವೆಲ್ಲೆತ್ರಿ ಎಂಬ ಊರಿನಲ್ಲಿ ಸಿಕ್ಕ ಪುಟ್ಟ ಕಂಚಿನ ಫಲಕವೇ ಆ ಭಾಷೆಗೆ ಇಂದು ಮುಖ್ಯ ಸಾಕ್ಷಿ. ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿರುವ ಅದರಲ್ಲಿ ಇರುವುದು ನಾಲ್ಕೇ ಸಾಲು. ಬಂಡೆಯ ಮೇಲಿನ ರೋಮನ್ ಅಂಕಿಯನ್ನು ನಮ್ಮ ಪ್ರಾಥಮಿಕ ಶಾಲೆಯ ಮಗುವೂ ಓದೀತು. ಆ ನಾಲ್ಕು ಸಾಲಿನ ಅರ್ಥಕ್ಕಾಗಿ ಮಾತ್ರ ವಿದ್ವಾಂಸರು ಇಂದಿಗೂ ತಿಣುಕುತ್ತಿದ್ದಾರೆ.