ಓದಲು ಮಾತ್ರ

ನಿವೃತ್ತನಾದ ಗುಮಾಸ್ತನನ್ನು ಕಂಡರೆ ಸಂಘಸಂಸ್ಥೆಗಳಿಗೆ ಬಲು ಪ್ರೀತಿ. ಅವನು ಸಂಬಳ ಕೇಳುವುದಿಲ್ಲ, ರಜ ಕೇಳುವುದಿಲ್ಲ. ಮನೆಯಲ್ಲಿ ಕೂತರೆ ಹೆಂಡತಿಯ ಕೆಲಸಕ್ಕೆ ಅಡ್ಡಿ. ಹೀಗೆ ಎರಡೂ ಕಡೆಯವರ ಹಾರೈಕೆಯಿಂದ ಅವನು ಯಾವುದಾದರೊಂದು ಸಮಿತಿಗೆ ಸೇರಿಯೇ ತೀರುತ್ತಾನೆ. ಮೂವತ್ತಾರು ವರ್ಷ ಲೆಕ್ಕಪತ್ರ ವಿಭಾಗದ ಕುರ್ಚಿ ಸವೆಸಿದ ನಾನೂ ಹಾಗೆಯೇ ಒಂದು ವಿದ್ಯಾರ್ಥಿವೇತನ ನಿಧಿಯ ಗೌರವ ಲೆಕ್ಕಿಗನಾದೆ. ‘ಗೌರವ’ ಎಂಬ ಮಾತು ಇಂಥ ಹುದ್ದೆಗಳ ಹಿಂದೆ ಸೇರಿಕೊಳ್ಳುವುದು ಅವುಗಳ ಮುಂದೆ ಏನೂ ಇಲ್ಲದಿರುವುದರಿಂದಲೇ ಎಂದು ನನ್ನ ಮತ.

ನಿಧಿಯ ಸಮಿತಿ ಬೆಂಗಳೂರಿನಲ್ಲಿ. ಹಣ ಪಡೆಯುವ ಮಕ್ಕಳು ಬಹುಪಾಲು ಧಾರವಾಡ, ಹಾವೇರಿ, ಗದಗಿನ ಕಡೆಯವರು. ಆದುದರಿಂದ ಮಕ್ಕಳ ದಾಖಲೆಯೆಲ್ಲ ಧಾರವಾಡದ ಕಚೇರಿಯಲ್ಲಿ. ಅಲ್ಲಿ ಹಿಂದೆ ದಪ್ಪ ರಟ್ಟಿನ ಪುಸ್ತಕಗಳಿದ್ದವಂತೆ. ಈಗ ಅವೆಲ್ಲ ಒಂದು ಕಂಪ್ಯೂಟರಿನ ಹೊಟ್ಟೆಗೆ ಹೋಗಿ ‘ಡೇಟಾಬೇಸ್’ ಎನಿಸಿಕೊಂಡಿವೆ. ಪ್ರತಿ ತಿಂಗಳ ಮೊದಲ ತಾರೀಕು ಅಲ್ಲಿನ ತರುಣ ಅದರ ಒಂದು ನಕಲನ್ನು ನನಗೆ ಕಳುಹಿಸುವನು. ನಾನು ಅದನ್ನು ಪವರ್ ಬಿ.ಐ. ಎಂಬ ಅಂಕಿ ಅಂಶ ವಿಶ್ಲೇಷಣೆಯ ತಂತ್ರಾಂಶಕ್ಕೆ ಉಣಿಸಿ, ನೀಲಿ ಕಂಬಗಳನ್ನೂ ಹೋಳಿಗೆಯಂತೆ ಹೋಳು ಮಾಡಿದ ಚಕ್ರಗಳನ್ನೂ ತೆಗೆದು ಸಮಿತಿಯ ಮುಂದಿಡುವೆ. ಸದಸ್ಯರು “ಭೇಷ್” ಎನ್ನುವರು. ಚಿತ್ರವಿದ್ದ ಕಡೆ ಯಾರೂ ತಾರೀಕು ಕೇಳುವುದಿಲ್ಲ.

ಹೋದ ವರ್ಷ ಒಂದು ಸಭೆಯಲ್ಲಿ, ಅಂಕಪಟ್ಟಿ ಒಪ್ಪಿಸದವರ ಎರಡನೆಯ ಕಂತನ್ನು ನಿಲ್ಲಿಸಬೇಕೆಂದು ತೀರ್ಮಾನವಾಯಿತು. ಪಟ್ಟಿ ಕೊಡುವ ಭಾರ ನನ್ನದು. ನಾನು ಕಂಪ್ಯೂಟರನ್ನು ಕೇಳಿದೆ. ಅದು ಕ್ಷಣದಲ್ಲಿ ಹನ್ನೊಂದು ಹೆಸರು ಉದುರಿಸಿತು. ಹನ್ನೊಂದು ಕಾಗದಗಳು ನನ್ನ ರುಜುವಿನಿಂದಲೇ ಹೊರಟವು.

ಒಂದು ವಾರ ಕಳೆದಿರಬಹುದು. ಕಚೇರಿಯ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬರು ಕುಳಿತಿದ್ದರು. ಹಾವೇರಿ ಕಡೆಯ ರೈತರು. ರಾತ್ರಿಯ ಬಸ್ಸಿನಲ್ಲಿ ಬಂದವರು. ಪ್ಲಾಸ್ಟಿಕ್ ಚೀಲದಲ್ಲಿ ಮಗಳ ಅಂಕಪಟ್ಟಿಯ ಜೆರಾಕ್ಸು, ಅದರ ಮೇಲೆ ಧಾರವಾಡ ಕಚೇರಿಯ ಮೊಹರು, ನಾಲ್ಕನೇ ತಾರೀಕು. “ನಾಕನೇ ತಾರೀಖಿಗೇ ಕೊಟ್ಟೇವ್ರಿ ಸಾಹೇಬ್ರ. ಧಾರವಾಡದಾಗ ಕೇಳಿದ್ರ, ನಮ್ಮ ಪುಸ್ತಕದಾಗ ಬರೋಬ್ಬರಿ ಐತಿ, ನಿಲ್ಲಿಸಿದವ್ರು ಬೆಂಗಳೂರಿನವ್ರು ಅಂತಾರ್ರಿ” ಎಂದರು. ನನ್ನ ನಕಲು ಒಂದನೇ ತಾರೀಕಿನದು. ಪಟ್ಟಿ ತೆಗೆದದ್ದು ಒಂಬತ್ತಕ್ಕೆ. ನಡುವೆ ಎಂಟು ದಿನ ಲೋಕ ನಡೆದಿತ್ತು. ನನ್ನ ಕಂಬಗಳೂ ಚಕ್ರಗಳೂ ನಿಂತಲ್ಲೇ ನಿಂತಿದ್ದವು.

ಆತ ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೂಗಾಡಲಿಲ್ಲ. ಮಗಳು ಹಾಸ್ಟೆಲಿನ ಹಣ ಕಟ್ಟಲಾರದೆ ಗಂಟು ಕಟ್ಟಿಕೊಂಡು ಊರಿಗೆ ಬಂದಿದ್ದಾಳೆ, ಓದು ಸಾಕು ಎನ್ನುತ್ತಿದ್ದಾಳೆ ಎಂದಷ್ಟೇ ಹೇಳಿದರು. ಅಂದೇ ಹಣ ಕಳುಹಿಸಿದೆವು. ಹುಡುಗಿ ಹಾಸ್ಟೆಲಿಗೆ ಮರಳಿದಳು. ಆದರೆ ಆಕೆ ಊರಲ್ಲಿ ಕಳೆದ ಆ ದಿನಗಳನ್ನು ಯಾವ ಖಾತೆಗೆ ಖರ್ಚು ಬರೆಯುವುದು? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಪಕ್ಕದ ಮನೆಯ ಹುಡುಗಿಯ ಮುಂದೆ ಗೋಳು ತೋಡಿಕೊಂಡೆ. ಆಕೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸದಲ್ಲಿರುವವಳು. “ಕಾಪಿ ಯಾಕೆ ತರಿಸ್ಕೋತೀರಿ ಮಾಮ? ನಿಮ್ಮ ಪವರ್ ಬಿ.ಐ.ನ ಧಾರವಾಡದ ಡೇಟಾಬೇಸಿಗೇ ನೇರವಾಗಿ ಸೇರಿಸಿಬಿಡಿ” ಎಂದಳು. ಬಾವಿಯಿರುವಾಗ ಕೊಡದ ಹಳೆಯ ನೀರು ಏಕೆ ಎಂಬಂತೆ. ಇಷ್ಟು ಸುಲಭವೇ ಎಂದೆ. “ಐದು ನಿಮಿಷದ ಕೆಲಸ” ಎಂದಳು. ಐದು ನಿಮಿಷದ ಕೆಲಸವೆಂದು ತಿಳಿದವರು ಹೇಳಿದರೆ, ತಿಳಿಯದವರು ಐದು ದಿನ ತೆಗೆದಿಡಬೇಕು.

ಹೊರಡುವ ಮುನ್ನ ಆಕೆ ಹೇಳಿದ ಪಾಠ ಇದು. ಡೇಟಾಬೇಸಿನಲ್ಲಿ ಹಲವು ಮತಗಳುಂಟು. ಒಂದೊಂದರ ನುಡಿಗಟ್ಟು ಒಂದೊಂದು. ಕೇಳುವ ತಂತ್ರಾಂಶಗಳೂ ಹಲವು. ಹತ್ತು ತಂತ್ರಾಂಶ ಹತ್ತು ಡೇಟಾಬೇಸುಗಳೊಡನೆ ಮಾತಾಡಬೇಕಾದರೆ ನೂರು ದುಭಾಷಿಗಳು ಬೇಕು. ಎಲ್ಲರೂ ಒಂದು ನಡುಭಾಷೆಗೆ ಒಪ್ಪಿಕೊಂಡರೆ ಇಪ್ಪತ್ತು ಸಾಕು. ಅಂಥ ಒಂದು ನಡುಭಾಷೆಯೇ 1992ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಓ.ಡಿ.ಬಿ.ಸಿ.; ದುಭಾಷಿಯ ಹೆಸರು ‘ಡ್ರೈವರ್’. ಅದಕ್ಕೂ ಹಿಂದೆ 1970ರಲ್ಲಿ ಐ.ಬಿ.ಎಂ.ನ ಎಡ್ಗರ್ ಕಾಡ್ ಎಂಬ ಗಣಿತಜ್ಞರು, ಮಾಹಿತಿ ಯಂತ್ರದೊಳಗೆ ಹೇಗೆ ಅಡಗಿ ಕುಳಿತಿದೆಯೆಂಬ ತಾಪತ್ರಯ ಕೇಳುವವನಿಗೆ ಇರಕೂಡದು ಎಂದು ಒಂದು ಪ್ರಬಂಧ ಬರೆದಿದ್ದರು. ಇಂದಿನ ಖಾತೆಕೋಷ್ಟಕಗಳ ಡೇಟಾಬೇಸುಗಳು ಆ ಪ್ರಬಂಧದ ಮಕ್ಕಳು, ಮೊಮ್ಮಕ್ಕಳು. ಕಾಡ್ ಮಹಾಶಯರ ಆಶೀರ್ವಾದ ನನ್ನ ಮೇಜಿನ ತನಕ ತಲುಪಿದಂತೆ ಕಾಣಲಿಲ್ಲ.

ಧಾರವಾಡದ್ದು ಮೈಎಸ್‌ಕ್ಯೂಎಲ್ ಮತ. ಅದರ ಡ್ರೈವರನ್ನು ಇಳಿಸಿಕೊಂಡೆ. ಕಂಪ್ಯೂಟರಿನ ವಿಳಾಸ, 3306 ಎಂಬ ಬಾಗಿಲ ಸಂಖ್ಯೆ, ಹೆಸರು, ಗುಪ್ತಪದ ಎಲ್ಲ ತುಂಬಿ ಗುಂಡಿ ಒತ್ತಿದೆ. ಡ್ರೈವರಿಗೂ ತಂತ್ರಾಂಶಕ್ಕೂ ಜಾತಕ ಕೂಡಿಬರುವುದಿಲ್ಲವೆಂಬ ಅರ್ಥದ ಉತ್ತರ ಬಂತು. ನಾನು ತಂದ ಡ್ರೈವರ್ 32 ಬಿಟ್ಟಿನದು. ನನ್ನ ಪವರ್ ಬಿ.ಐ. 64 ಬಿಟ್ಟಿನದು. ಸರಿ, 64ರದನ್ನೇ ತಂದೆ. ಅದನ್ನು ನೋಂದಾಯಿಸುವ ಪುಟ್ಟ ತಂತ್ರಾಂಶ ವಿಂಡೋಸಿನಲ್ಲಿ ಎರಡಿವೆ. ಎರಡಕ್ಕೂ ಒಂದೇ ಹೆಸರು, ಹೆಸರಿನ ತುದಿಯಲ್ಲಿ 32. 64 ಬಿಟ್ಟಿನದು ಇರುವ ಕೋಣೆ ‘ಸಿಸ್ಟಂ 32’. 32 ಬಿಟ್ಟಿನದು ಇರುವುದು ‘ಸಿಸ್‌ವಾವ್ 64’. ಓದುಗರು ನಾನು ಹಾಸ್ಯ ಮಾಡುತ್ತಿದ್ದೇನೆಂದು ತಿಳಿಯಬಾರದು; ಇರುವುದೇ ಹೀಗೆ. ಕಾರಣವೂ ಉಂಟು. ಹಳೆಯ ಹೆಸರನ್ನು ನಂಬಿ ಬರೆದ ಲೆಕ್ಕವಿಲ್ಲದಷ್ಟು ತಂತ್ರಾಂಶಗಳು ದಾರಿ ತಪ್ಪಬಾರದೆಂದು ಕೋಣೆಯ ಹೆಸರನ್ನು ಬದಲಿಸದೆ ಒಳಗಿನವರನ್ನು ಮಾತ್ರ ಬದಲಿಸಿದರು. ಮೆಜೆಸ್ಟಿಕ್ಕಿನ ಬಳಿ ಟ್ಯಾಂಕ್ ಬಂಡ್ ರಸ್ತೆ ಇನ್ನೂ ಇದೆ. ಧರ್ಮಾಂಬುಧಿ ಕೆರೆಯಿದ್ದ ಕಡೆ ಬಸ್ಸುಗಳು ನಿಂತಿವೆ. ನಮ್ಮೂರಿನವರಿಗೆ ಇದು ಅರ್ಥವಾಗದ ನ್ಯಾಯವೇನೂ ಅಲ್ಲ.

ಜಾತಕ ಕೂಡಿತು; ಆದರೂ ಬಾಗಿಲು ತೆಗೆಯಲಿಲ್ಲ. ತುಸು ಹೊತ್ತು ಕಾಯಿಸಿ, ಆ ಕಡೆ ಯಾರೂ ಓಗೊಡಲಿಲ್ಲ ಎಂದಿತು. ಧಾರವಾಡದ ತರುಣನಿಗೆ ಫೋನು ಮಾಡಿದೆ. “ಅದು ತನ್ನ ಮನೀ ಮಂದಿ ಜೋಡಿ ಅಷ್ಟ ಮಾತಾಡ್ತದ್ರೀ ಸರ” ಎಂದ. ಡೇಟಾಬೇಸು ತಾನಿರುವ ಕಂಪ್ಯೂಟರಿನಿಂದ ಬಂದ ಪ್ರಶ್ನೆಗಷ್ಟೇ ಕಿವಿಗೊಡುವಂತೆ ಕಟ್ಟುಮಾಡಿದ್ದನಂತೆ. ಹಾಗಾದರೆ ಬಾಗಿಲು ತೆಗೆಯಪ್ಪ ಎಂದೆ. “ಹಂಗ ತೆಗದ್ರ ಊರ ಮಂದೀನ ಒಳಗ ಬರ್ತದ್ರೀ. ನಿಮ್ಮ ಆಫೀಸಿನ ಐ.ಪಿ. ನಂಬರ್ ಹೇಳ್ರಿ, ಅದಕ್ಕಷ್ಟ ತೆಗೀತೀನಿ.” ನನ್ನ ಹಿರಿತನಕ್ಕೆ ತುಸು ಪೆಟ್ಟಾದರೂ ಅವನ ಮಾತು ನ್ಯಾಯವಾಗಿತ್ತು. ಅಲ್ಲಿರುವುದು ಬಡಮಕ್ಕಳ ಹೆಸರು, ವಿಳಾಸ, ತಂದೆಯ ವರಮಾನ, ಬ್ಯಾಂಕಿನ ಸಂಖ್ಯೆ. ಬೀದಿಗೆ ಬಾಗಿಲು ತೆಗೆದಿಡುವ ಸರಕಲ್ಲ.

ಪೆಟ್ಟು ಅಲ್ಲಿಗೆ ಮುಗಿಯಲಿಲ್ಲ. ಅವನು ನನ್ನ ಹೆಸರಿಗೆ ಬರೆದುಕೊಟ್ಟ ಅಪ್ಪಣೆಯಲ್ಲಿ ‘ಸೆಲೆಕ್ಟ್’ ಎಂಬ ಒಂದೇ ಮಾತಿತ್ತು. ಎಂದರೆ ಓದಬಹುದು, ಸೇರಿಸುವಂತಿಲ್ಲ, ತಿದ್ದುವಂತಿಲ್ಲ, ಅಳಿಸುವಂತಿಲ್ಲ. “ಏನಪ್ಪಾ, ಮೂವತ್ತಾರು ವರ್ಷ ಲೆಕ್ಕ ಬರೆದವನಿಗೆ ಇಷ್ಟೇನೇ?” ಎಂದೆ. “ಸಿಟ್ಟಾಗಬ್ಯಾಡ್ರಿ ಸರ. ನೋಡಾಕ ಬಂದವ್ರ ಕೈಯಾಗ ಪೆನ್ನು ಕೊಡಬಾರದ್ರಿ” ಎಂದ. ನನಗೆ ನಮ್ಮ ಕಚೇರಿಯ ಹಳೆಯ ದಿನಗಳು ನೆನಪಾದವು. ತಪಾಸಣೆಗೆ ಬಂದವರು ಬಣ್ಣದ ಪೆನ್ಸಿಲಿನಿಂದ ಗುರುತು ಹಾಕಬಹುದಿತ್ತು. ಒಂದು ಅಂಕಿಯನ್ನು ತಿದ್ದಹೊರಟರೆ ನಾನೇ ಪುಸ್ತಕ ಕಸಿದುಕೊಳ್ಳುತ್ತಿದ್ದೆ. ಈಗ ಮೇಜಿನ ಆಚೆ ಬದಿಗೆ ಕೂತದ್ದರಿಂದ ನ್ಯಾಯ ಬದಲಾದೀತೆ? ಬಾಯಿ ಮುಚ್ಚಿಕೊಂಡೆ.

ಕೊನೆಗೂ ಬಾಗಿಲು ತೆರೆಯಿತು. ಸಾಲು ಸಾಲಾಗಿ ದಾಖಲೆಗಳು ಇಳಿದು ಬಂದವು. ಅಂಕಿಗಳು ಸರಿ, ತಾರೀಕುಗಳು ಸರಿ; ಹೆಸರಿನ ಜಾಗದಲ್ಲಿ ಮಾತ್ರ ಬರೀ ಪ್ರಶ್ನಾರ್ಥಕ ಚಿಹ್ನೆಗಳು! ಒಬ್ಬ ಹುಡುಗನ ಹೆಸರು ನಾಲ್ಕು ಪ್ರಶ್ನೆ, ಇನ್ನೊಬ್ಬಳದು ಏಳು ಪ್ರಶ್ನೆ. ಸಮಿತಿ ಆ ಮಕ್ಕಳನ್ನು ಇಷ್ಟು ದಿನ ಕಂಡಿದ್ದ ಬಗೆಯನ್ನೇ ಕಂಪ್ಯೂಟರ್ ಬರೆದು ತೋರಿಸಿತೋ ಎನಿಸಿತು.

ಸಂಜೆ ಪಕ್ಕದ ಮನೆಯ ಹುಡುಗಿ ಬಂದು ನೋಡಿ ನಕ್ಕಳು. ಆ ಡ್ರೈವರಿನಲ್ಲಿ ಅವಳಿಜವಳಿಯಂತೆ ಎರಡಿರುತ್ತವಂತೆ: ಒಂದಕ್ಕೆ ‘ಆನ್ಸಿ’ ಎಂದು ಹೆಸರು, ಇನ್ನೊಂದಕ್ಕೆ ‘ಯೂನಿಕೋಡ್’ ಎಂದು. ನಾನು ಮೊದಲು ಕಂಡ ಆನ್ಸಿಯನ್ನೇ ಆರಿಸಿದ್ದೆ. ಅದು ಹಳೆಯ ಕಾಲದ ಚಿಕ್ಕ ಅಚ್ಚಿನಮನೆ. ಅದರ ಮೊಳೆಪೆಟ್ಟಿಗೆಯಲ್ಲಿ ಕನ್ನಡದ ಮೊಳೆಗಳೇ ಇಲ್ಲ. ಇಲ್ಲದ ಅಕ್ಷರ ಬಂದಾಗ ಅದು ಪಾಪ, ಪ್ರಶ್ನೆಯ ಗುರುತನ್ನು ಇಟ್ಟು ಕೈ ತೊಳೆದುಕೊಳ್ಳುತ್ತದೆ. ಯೂನಿಕೋಡಿನಲ್ಲಾದರೋ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ತನ್ನದೇ ಮನೆ ಉಂಟು. ಯೂನಿಕೋಡನ್ನು ಆರಿಸಿ ಮತ್ತೆ ಗುಂಡಿ ಒತ್ತಿದೆವು. ಪ್ರಶ್ನೆಗಳು ಮಾಯವಾಗಿ ಮಕ್ಕಳು ಬಂದರು. ಹಾವೇರಿಯ ಹುಡುಗಿಯ ಹೆಸರನ್ನು ಹುಡುಕಿದೆ. ಇತ್ತು. ಅದರೆದುರು, ಅಂಕಪಟ್ಟಿ ಒಪ್ಪಿಸಿದ ದಿನ: ನಾಲ್ಕು. ನನ್ನ ರುಜುವಿದ್ದ ಕಾಗದ ಹೊರಡುವಾಗಲೂ ಅದು ಅಲ್ಲಿಯೇ ಇತ್ತು. ನೋಡುವ ಕಣ್ಣು ಮಾತ್ರ ಅಲ್ಲಿರಲಿಲ್ಲ.

ಕಥೆ ಇಲ್ಲಿ ಮುಗಿದಿದ್ದರೆ ನಾನು ಸುಖಿ. ಎರಡು ದಿನ ಬಿಟ್ಟು ನೋಡುತ್ತೇನೆ, ಅಂಕಿಗಳು ಒಂದಿಷ್ಟೂ ಕದಲಿಲ್ಲ. ಧಾರವಾಡದಲ್ಲಿ ಹೊಸ ದಾಖಲೆ ಸೇರಿದೆಯೆಂದು ಫೋನಿನಲ್ಲಿ ಕೇಳಿದ್ದೇನೆ! ಹುಡುಗಿಯನ್ನು ಕರೆದೆ. “ರಿಫ್ರೆಶ್ ಒತ್ತಿದ್ರಾ ಮಾಮ?” ಎಂದಳು. ಸೇರಿಸುವುದರಲ್ಲಿ ಎರಡು ಬಗೆಯಂತೆ. ಕೆಲವು ಡೇಟಾಬೇಸುಗಳೊಡನೆ, ನೋಡಿದಾಗಲೆಲ್ಲ ಪ್ರಶ್ನೆ ಮೂಲಕ್ಕೇ ಹೋಗಿ ಉತ್ತರ ತರುವ ಏರ್ಪಾಟಿದೆ. ನಾನು ಹಿಡಿದ ದಾರಿಯಲ್ಲಿ ಹಾಗಲ್ಲ. ಒಮ್ಮೆ ತಂದದ್ದನ್ನು ತಂತ್ರಾಂಶ ತನ್ನ ಬಳಿ ಇಟ್ಟುಕೊಳ್ಳುತ್ತದೆ, ಮತ್ತೆ ಕೇಳಿದರೆ ಮಾತ್ರ ಮತ್ತೆ ಹೋಗಿ ತರುತ್ತದೆ. ಇಷ್ಟೆಲ್ಲ ಹೆಣಗಿ ನಾನು ಪಡೆದದ್ದೂ ನಕಲೇ! ಬಾವಿಗೆ ಹಗ್ಗ ಬಿಟ್ಟರೆ ಆಗಲಿಲ್ಲ. ನೀರು ಬೇಕಾದಾಗಲೆಲ್ಲ ಕೊಡ ಇಳಿಸಬೇಕು.

ಅಂದಿನಿಂದ ನನ್ನ ವರದಿಯ ತಲೆಯ ಮೇಲೆ, ಕಂಬಗಳಿಗಿಂತ ದೊಡ್ಡ ಅಕ್ಷರದಲ್ಲಿ, ಮಾಹಿತಿ ತಂದ ದಿನವನ್ನೂ ಗಂಟೆಯನ್ನೂ ಹಾಕುತ್ತೇನೆ. ಯಾರದಾದರೂ ಹಣ ನಿಲ್ಲಿಸಬೇಕಾಗಿ ಬಂದರೆ ಅಂದೇ ರಿಫ್ರೆಶ್ ಒತ್ತುತ್ತೇನೆ. ಅದೂ ಸಾಲದೆಂದು ಆ ಮನೆಗೆ ಫೋನು ಮಾಡುತ್ತೇನೆ. ಡೇಟಾಬೇಸೂ ಒಬ್ಬ ಗುಮಾಸ್ತ ಕೂತು ಬರೆದದ್ದೇ ತಾನೆ? ಮೊನ್ನೆಯ ಪಟ್ಟಿಯಲ್ಲಿ ಮೂರು ಹೆಸರಿದ್ದವು. ಒಂದು ಮನೆಯಲ್ಲಿ ಹುಡುಗನಿಗೆ ಜ್ವರವೆಂದು ತಿಳಿಯಿತು. ಅದನ್ನು ಬರೆಯಲು ನಮ್ಮ ಕೋಷ್ಟಕದಲ್ಲಿ ಕಾಲಮ್ಮಿಲ್ಲ. ಸಭೆಯಲ್ಲಿ ಬಾಯಿಂದಲೇ ಹೇಳಿದೆ. ಆ ಹೆಸರನ್ನು ಬಿಟ್ಟರು.

ಇದನ್ನೆಲ್ಲ ನನ್ನವಳ ಮುಂದೆ ಹೆಮ್ಮೆಯಿಂದ ಹೇಳುತ್ತ ಬೆಳಗಿನ ಕಾಫಿ ಬೆರೆಸುತ್ತಿದ್ದೆ. ಆಕೆಯ ಲೋಟಕ್ಕೆ ವಾಡಿಕೆಯಂತೆ ಎರಡು ಚಮಚ ಸಕ್ಕರೆ ಹಾಕಿದೆ. “ಅಲ್ಲಾಂದ್ರೆ, ನಾನು ಸಕ್ಕರೆ ಬಿಟ್ಟು ಮೂರು ವರ್ಷ ಆಯ್ತು. ನಿಮ್ಮ ಲೆಕ್ಕದಲ್ಲಿ ಇನ್ನೂ ಬಂದಿಲ್ವೇ?” ಎಂದಳು.

ಆ ಲೋಟವನ್ನು ನಾನೇ ಕುಡಿದೆ.